ಬೀಳಿಸದೆ ಕಳಿಸದ ಪೆಟ್ಟಿಗೆ

ಭದ್ರಾವತಿಯ ಕಾರ್ಖಾನೆಯಲ್ಲಿ ಹುಲಿಯಪ್ಪ ಮೂವತ್ತೊಂದು ವರ್ಷ ಮಾಡಿದ್ದು ಒಂದೇ ಕೆಲಸ, ಕಬ್ಬಿಣದ ಬಿಡಿಭಾಗಗಳಿಗೆ ಮರದ ಪೆಟ್ಟಿಗೆ ಕಟ್ಟುವುದು. ಮಾಲು ತುಂಬಿದ ಮೇಲೆ ಪೆಟ್ಟಿಗೆಯನ್ನು ಮೊಣಕಾಲೆತ್ತರದಿಂದ ಒಮ್ಮೆ ಕೆಳಗೆ ಬೀಳಿಸಲೇಬೇಕು ಎಂಬುದು ಅವನದೇ ನಿಯಮ. ಬೀಳಿಸದ ಪೆಟ್ಟಿಗೆ ಗೇಟು ದಾಟುವಂತಿರಲಿಲ್ಲ. ಸಾಹೇಬರು ನಗುತ್ತಿದ್ದರು, ನಗಲಿ. "ಲಾರಿಯವ್ನು ಹೆಂಗೂ ಬೀಳಿಸ್ತಾನೆ ಮಾರಾಯ, ಮೊದ್ಲು ನಾವೇ ಬೀಳಿಸಿ ನೋಡಾಣ" ಎನ್ನುತ್ತಿದ್ದ ಹುಲಿಯಪ್ಪ. ಮಹಾ ಮುಂಗೋಪಿ, ಹಟಮಾರಿ. ಕೆಲಸದಲ್ಲಿ ಮಾತ್ರ ಯಾರೂ ಬೊಟ್ಟು ಮಾಡುವಂತಿರಲಿಲ್ಲ.

ನಿವೃತ್ತಿಯ ಮರುವರ್ಷ, ತೊಂಬತ್ತೆಂಟರಲ್ಲಿ, ಶಿವಮೊಗ್ಗದ ಗೋಪಾಳದಲ್ಲಿ ಹಿಂದೂಸ್ತಾನಿ ಸಂಗೀತ ಕಲಿಸುವ ಯಶೋಧರಾ ಟೀಚರ್ ಅವನಿಗೆ ಹೇಳಿ ಕಳಿಸಿದರು. ಅವರ ತಾಯಿಯ ತಂಬೂರಿ ಜರ್ಮನಿಗೆ ಹೋಗಬೇಕಿತ್ತು, ಎರಡು ವರ್ಷ ಅವರ ಮನೆಯಲ್ಲೇ ಇದ್ದು ಕಲಿತ ಹುಡುಗಿಗೆ. ಆಳೆತ್ತರದ ವಾದ್ಯ, ಬುಡದಲ್ಲಿ ದೊಡ್ಡ ಕುಂಬಳಕಾಯಿಯಷ್ಟು ಸೋರೆ ಬುರುಡೆ. ಒಮ್ಮೆ ಸೀಳಿತೆಂದರೆ ಹಳೆಯ ನಾದ ಮತ್ತೆ ಬರುವುದಿಲ್ಲ. ಹುಲಿಯಪ್ಪ ಬೀಳಿಸುವ ಮಾತೆತ್ತಿದ್ದೇ ಟೀಚರ್ ರೇಗಿದರು.

"ಮೊದ್ಲು ಗಡಿಗೆ ಇಟ್ಟು ನೋಡ್ತೀನಿ ಮೇಡಂ" ಎಂದು ಸಮಾಧಾನ ಮಾಡಿದ.

ಕಬ್ಬಿಣದ ಅಭ್ಯಾಸ ಬಿಡಬೇಕಲ್ಲ! ಮಣ್ಣಿನ ಗಡಿಗೆಯನ್ನೂ ಅಲುಗದಂತೆ ಬಿಗಿದು ತುಂಬಿ ಬೀಳಿಸಿದ. ಚೂರುಚೂರು. ಎರಡನೆಯದೂ ಹಾಗೇ ಆಯಿತು. ಅವನಿಗೆ ತನ್ನ ಮೇಲೇ ಸಿಟ್ಟು ಬಂದು ಆ ದಿನ ಊಟ ಸೇರಲಿಲ್ಲ. ಮರುದಿನ ಹೆಂಡತಿ ಸಣ್ಣಮ್ಮನ ಹಳೇ ಸೀರೆ ತಂದು, ಪೆಟ್ಟಿಗೆಯೊಳಗೆ ಮಕ್ಕಳ ಜೋಲಿಯಂತೆ ಕಟ್ಟಿ, ಮೂರನೆಯ ಗಡಿಗೆಯನ್ನು ತೂಗುಬಿಟ್ಟ. ಬೀಳಿಸಿದರೂ ಅದು ಉಳಿಯಿತು.

ತಂತಿ ಸಡಿಲಿಸಿ ತಂಬೂರಿಯನ್ನು ಜೋಲಿಯಲ್ಲಿ ಮಲಗಿಸಿದರು. ಮುಚ್ಚಳಕ್ಕೆ ಮೊಳೆ ಹೊಡೆಯದೆ ಸ್ಕ್ರೂ ಹಾಕಿದ. ಒಂದು ತುದಿ ಅವನು, ಇನ್ನೊಂದು ಟೀಚರ್ ಹಿಡಿದೆತ್ತಿದರು. ಹುಲಿಯಪ್ಪ ಕೈಬಿಡಲಿಲ್ಲ.

"ಬ್ಯಾಡ ಮೇಡಂ, ಇದೊಂದನ್ನ ಹಂಗೇ ಕಳಿಸ್ಬಿಡಾಣ. ನನ್ ಕೈಲಾಗಲ್ಲ."

ಟೀಚರ್ ತಮ್ಮ ತುದಿಯನ್ನು ಇಳಿಸಲಿಲ್ಲ. "ಕೈ ಬಿಡಿ ಹುಲಿಯಪ್ಪ, ಬೀಳ್ಲಿ. ಇಲ್ಲಿ ಒಡೆದ್ರೆ ಅಳೋಕೆ ನಾವಿಬ್ರು ಇದ್ದೀವಿ. ಅಲ್ಲಿ ಒಡೆದ್ರೆ ಆ ಹುಡುಗಿ ಒಬ್ಳೇ ಅಳ್ಬೇಕು."

ಇಬ್ಬರೂ ಒಟ್ಟಿಗೆ ಕೈಬಿಟ್ಟರು. ಪೆಟ್ಟಿಗೆ ಧೊಪ್ಪನೆ ಬಿತ್ತು. ಒಳಗೆ ಸಡಿಲ ತಂತಿಗಳು ಒಮ್ಮೆ ಸಣ್ಣಗೆ ಝೇಂಕರಿಸಿ ಸುಮ್ಮನಾದವು. ಸ್ಕ್ರೂ ಬಿಚ್ಚಲು ಹುಲಿಯಪ್ಪನಿಗೆ ಧೈರ್ಯ ಸಾಲಲಿಲ್ಲ, ಟೀಚರೇ ಬಿಚ್ಚಿದರು. ಬುರುಡೆಯ ಸುತ್ತ ನಿಧಾನವಾಗಿ ಬೆರಳಾಡಿಸಿದರು. ಎಲ್ಲೂ ಒಂದು ಗೀರೂ ಇರಲಿಲ್ಲ.

ಅವನು ಅಂಗಳದಲ್ಲೇ ಕುಕ್ಕರುಗಾಲಲ್ಲಿ ಕೂತು ಹೆಗಲ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಟೀಚರ್ ಪಕ್ಕದಲ್ಲೇ ಕೂತರು. ಏನೂ ಒಡೆದಿರಲಿಲ್ಲ, ಆದರೂ ಇಬ್ಬರೂ ಅತ್ತರು.