ಕದಿರಪ್ಪನ ಮುಂದೆ ಕೆಡದ ಕಾರು

ಉರಿಗಾಂ ಸ್ಟೇಷನ್ ಕಡೆಯ ಕದಿರಪ್ಪನ ಶೆಡ್ಡಿಗೆ ಬೋರ್ಡಿಲ್ಲ. ಬೋರ್ಡು ಹಾಕುವುದು ಹೆಸರಿಲ್ಲದವರು ಎಂಬುದು ಅವನ ನಂಬಿಕೆ. ಊರಿನ ಚಿನ್ನದ ಗಣಿ ಮುಚ್ಚುವವರೆಗೆ ಅಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ. ಆಮೇಲೆ ಹಳೆ ಕಾರುಗಳ ವೈರಿಂಗಿಗೆ ಇಳಿದ. ಕಂಪ್ಯೂಟರ್ ಇರುವ ಕಾರನ್ನು ಬಾನೆಟ್ ಕೂಡ ಎತ್ತಿಸದೆ ವಾಪಸ್ ಕಳಿಸುತ್ತಾನೆ. ತಾನು ಮುಟ್ಟಿದ ಕಾರು ಇನ್ನೊಬ್ಬನ ಕೈಗೆ ಹೋಗಿಲ್ಲ ಎಂದು ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದಾನೆ. ಯಾರೂ ಕೇಳದಿದ್ದರೂ ಹೇಳುತ್ತಾನೆ.

ಆ ಹೆಸರಿಗೆ ಕುತ್ತು ತಂದದ್ದು ಬಂಗಾರಪೇಟೆಯ ಹಾಲಿನ ಸೊಸೈಟಿ ಅಧ್ಯಕ್ಷ ಶ್ರೀಧರ್ ಅವರ ಎಪ್ಪತ್ತನಾಲ್ಕನೇ ಇಸವಿಯ ಅಂಬಾಸಿಡರ್ ಕಾರು. ಓಡುತ್ತಾ ಓಡುತ್ತಾ ಎಂಜಿನ್ ನಿಲ್ಲುತ್ತಿತ್ತು. ಒಂದು ಗಳಿಗೆ ಬಿಟ್ಟು ಕೀ ತಿರುಗಿಸಿದರೆ ಏನೂ ಆಗದಂತೆ ಹೊರಡುತ್ತಿತ್ತು. ಅಧ್ಯಕ್ಷರು ದಿನಾ ಬೆಳಿಗ್ಗೆ ಮನೆಯಲ್ಲಿದ್ದ ಎರಡನೇ ಕೀ ಕೊಟ್ಟು ಕಾರು ಬಿಟ್ಟು ಹೋಗುವರು, ಸಂಜೆ ಬಂದು ಒಯ್ಯುವರು.

ಶೆಡ್ಡಿನಲ್ಲಿ ಅದು ಒಮ್ಮೆಯೂ ನಿಲ್ಲಲಿಲ್ಲ. ಮೊದಲ ದಿನ ಪಾಯಿಂಟ್ ಉಜ್ಜಿ ಕಂಡೆನ್ಸರ್ ಬದಲಿಸಿದ. ಸಂಜೆ ಅಧ್ಯಕ್ಷರ ಫೋನು: "ಬೆಮೆಲ್ ನಗರ ದಾಟಿ ನಿಂತೋಯ್ತು ಕದಿರಪ್ಪಣ್ಣ." ಎರಡನೇ ದಿನ ಎಂಜಿನ್ನಿಗೆ ಕಿಡಿ ಕೊಡುವ ಕಾಯಿಲ್ ಹೊಸದು. ಮತ್ತೆ ಫೋನು. ಮೂರನೇ ದಿನ ಕೀ ಹಾಕುವ ಸ್ವಿಚ್ಚಿನಿಂದ ಕಾಯಿಲ್‌ವರೆಗೆ ಹೊಸ ವೈರು ಎಳೆದ. ಎಂಜಿನ್ ಓಡುತ್ತಿರುವಾಗಲೇ ಒಂದೊಂದು ವೈರನ್ನೂ ಅಲ್ಲಾಡಿಸಿದ, ತಟ್ಟಿದ, ಬೈದ. ಗೇಟಿಗೆ ಹೋಗುವನು, ಬರುವನು, ಕೂರುವನು, ಮತ್ತೆ ಏಳುವನು. ತಂದಿಟ್ಟ ಟೀ ಕೆನೆ ಕಟ್ಟುತ್ತಿತ್ತು.

ಅಂದು ಸಂಜೆಯ ಫೋನು ಬೇರೆ ಥರ ಇತ್ತು. "ನಾಳೆ ಒಂದ್ಸಲ ನೋಡು. ಮತ್ತೆ ನಿಂತ್ರೆ ಇಲ್ಲೇ ಬಂಗಾರಪೇಟೆ ಗ್ಯಾರೇಜಿಗೆ ಎಳಸ್ತೀನಿ. ಬೇಜಾರ್ ಮಾಡ್ಕಬೇಡ."

ಹೆಂಡತಿ ಅಮ್ಮಾಜಮ್ಮ ಟೀ ಲೋಟ ಎತ್ತುತ್ತಾ ಹೇಳಿದಳು: "ಕಾರು ನಿನ್ ಮುಂದೆ ಕೆಡಲ್ಲ, ಅವರ ಕೈಲಿ ಕೆಡ್ತದೆ. ಅವರ್ ಪಕ್ಕ ಕೂತ್ಕಂಡು ಓಗಿ ನೋಡಬಾರದಾ?"

"ಡಾಕ್ಟರು ರೋಗಿ ಇಂದೆ ಓಡಲ್ಲ ಕಣೆ."

"ರೋಗಿ ಬೇರೆ ಡಾಕ್ಟರ ತಾವ ಓಯ್ತಾವ್ನೆ."

ಮರುದಿನ ಬೆಳಿಗ್ಗೆ ಕಾರು ಬಂಗಾರಪೇಟೆಗೆ ವಾಪಸ್ ಹೊರಟಾಗ ಕದಿರಪ್ಪ ಅಧ್ಯಕ್ಷರ ಪಕ್ಕದ ಸೀಟಿನಲ್ಲಿದ್ದ. ಕಾಯಿಲ್‌ಗೆ ಬರುವ ವೈರಿಗೆ ಒಂದು ಸಣ್ಣ ಬಲ್ಬು ಸೇರಿಸಿ, ಕಿಟಕಿಯಿಂದ ಒಳಗೆ ತಂದು, ತೊಡೆಯ ಮೇಲೆ ಇಟ್ಟುಕೊಂಡಿದ್ದ. ಕರೆಂಟು ಬರುವಷ್ಟು ಹೊತ್ತು ಅದು ಉರಿಯುತ್ತದೆ. ಕಣ್ಣು ರಸ್ತೆಯ ಮೇಲಿರಲಿಲ್ಲ. ಬೆಮೆಲ್ ನಗರ ದಾಟಿದ ಮೇಲಿನ ರಸ್ತೆ ಹಂಪಿನಲ್ಲಿ ಕಾರು ಕುಪ್ಪಳಿಸಿತು. ಬಲ್ಬು ಆರಿತು, ಎಂಜಿನ್ ನಿಂತಿತು.

ಹಾಗಾದರೆ ಕರೆಂಟು ಕಾಯಿಲ್ ಮುಟ್ಟುವ ಮೊದಲೇ ಕಡಿಯುತ್ತಿದೆ. ಅವನು ಸ್ವಿಚ್ಚಿನ ಕಡೆ ನೋಡಿದ. ಕೀಯಿಂದ ಒಂದು ಗೊಂಚಲು ಇನ್ನೂ ತೂಗಾಡುತ್ತಿತ್ತು: ಆಫೀಸು, ಬೀರು, ಹಾಲು ತಣ್ಣಗಿಡುವ ಕೋಣೆ, ಸಮುದಾಯ ಭವನ, ಬಿದ್ದುಹೋದ ಹಳೇ ಕಟ್ಟಡದ್ದೂ ಸೇರಿ ಹನ್ನೊಂದು ಬೀಗದ ಕೈ, ಮೇಲೊಂದು ಹಿತ್ತಾಳೆ ಆನೆ. ಕದಿರಪ್ಪ ಗೊಂಚಲನ್ನು ಅಂಗೈಯಲ್ಲಿ ಮೇಲೆತ್ತಿದ. ಬಲ್ಬು ಹತ್ತಿತು. ಬಿಟ್ಟ. ಆರಿತು.

"ಅಧ್ಯಕ್ಷರಾಗಿ ಎಷ್ಟು ವರ್ಷ ಆಯ್ತು?"

"ಒಂಬತ್ತು. ಯಾಕೆ?"

"ಒಂಬತ್ತು ವರ್ಷದಿಂದ ಸ್ವಿಚ್ಚು ಇದನ್ನ ಹೊತ್ಕೊಂಡೈತೆ. ಒಳಗೆಲ್ಲ ಸವೆದೋಗೈತೆ. ಶೆಡ್ಡಲ್ಲಿ ನೀವು ಕೊಡ್ತಿದ್ದ ಕೀಗೆ ಈ ಭಾರ ಇರಲಿಲ್ಲ. ಗೊಂಚಲು ಬಿಚ್ಚಿ."

"ಬೀಗದ ಕೈ ಕೈಲಿಲ್ದೆ ಓದ್ರೆ ಜನ ಏನಂತಾರೆ?"

"ಕಾರು ತಳ್ಕೊಂಡು ಓದ್ರೆ ಏನಂತಾರೆ?"

ಅಧ್ಯಕ್ಷರು ಕಾರಿನ ಕೀ ಒಂದನ್ನು ಬಿಡಿಸಿಕೊಂಡು ಗೊಂಚಲನ್ನು ಜೇಬಿಗೆ ಹಾಕಿದರು. ಅಂಗಿ ಒಂದು ಕಡೆ ಜೋತುಬಿತ್ತು. ಬಂಗಾರಪೇಟೆಯವರೆಗೆ ಇನ್ನೂ ಐದು ಹಂಪು. ಬಲ್ಬು ಒಮ್ಮೆಯೂ ಕಣ್ಣು ಮಿಟುಕಿಸಲಿಲ್ಲ.

ಸೊಸೈಟಿ ಮುಂದೆ ಕಾರ್ಯದರ್ಶಿ ನರೇಶ್ ಕೇಳಿದ, "ಸಿಕ್ತಾ ಸಾರ್ ತೊಂದ್ರೆ?"

"ವೈರಲ್ಲಪ್ಪ, ಸ್ವಿಚ್ಚು. ನನಗೆ ಮೊದಲಿಂದ್ಲೂ ಅನುಮಾನ ಇತ್ತು," ಎಂದರು ಅಧ್ಯಕ್ಷರು.

ಕದಿರಪ್ಪ ಬಾಯಿ ತೆರೆದ. ನಿಜ ಹೇಳಬೇಕೆಂದರೆ ಮೂರು ದಿನ ಹಾಕಿದ ಕಂಡೆನ್ಸರ್, ಕಾಯಿಲ್, ವೈರುಗಳ ಕಥೆಯನ್ನೂ ಹೇಳಬೇಕಾಗುತ್ತದೆ. ಬಾಯಿ ಮುಚ್ಚಿಕೊಂಡ. "ಸ್ವಿಚ್ಚು ತರಿಸಿ ಇಡಿ, ನಾನೇ ಬಂದು ಆಕ್ತೀನಿ. ಬೇರೆ ಯಾರೂ ಮುಟ್ಟಬಾರದು," ಎಂದಷ್ಟೇ ಹೇಳಿದ. ಅಧ್ಯಕ್ಷರು ಒಪ್ಪಿದರು.

ಉರಿಗಾಂ ಮೇಲೆ ಹೋಗುವ ಮಾರಿಕುಪ್ಪಂ ರೈಲು ಹತ್ತಿ ಮಧ್ಯಾಹ್ನಕ್ಕೆ ಮನೆಗೆ ಬಂದ. ಅಮ್ಮಾಜಮ್ಮ ಎಲ್ಲ ಕೇಳಿ, "ಹಂಗಾದ್ರೆ ಆ ವೈರೆಲ್ಲ ದಂಡಕ್ಕೆ ಆಕಿದ್ದಾ?" ಅಂದಳು.

"ಥೂ. ಹೊಸ ವೈರು ಆಕಿದ್ದಕ್ಕೇ ಅಲ್ವಾ ತೊಂದ್ರೆ ವೈರಿಂದಲ್ಲ ಅಂತ ಗೊತ್ತಾಗಿದ್ದು," ಎಂದು ಕೈ ತೊಳೆಯಲು ಎದ್ದ.