ನ್ಯೂಟ್ರಾನ್ ಮತ್ತು ಅಡಕತ್ತರಿ

ನ್ಯೂಟ್ರಾನಿನೊಳಗೆ ಕಾಂತಗುಣ ಹೇಗೆ ಹರಡಿಕೊಂಡಿದೆ ಎಂದು ಅಳೆಯುವ ಕೆಲಸದಲ್ಲಿ ನನ್ನದೂ ಒಂದು ಚೂರು ಪಾಲಿದೆ. ಚನ್ನಗಿರಿಯ ನಮ್ಮ ಮನೆಯಲ್ಲಿ ಇದನ್ನು ಹೇಳಿದರೆ ಅಮ್ಮ, ಕಣ್ಣಿಗೆ ಕಾಣದ್ದನ್ನು ಅಳೆಯುವವಳು ಒಮ್ಮೆಯಾದರೂ ಅಕ್ಕಿ ಅಳೆದು ಅನ್ನಕ್ಕಿಟ್ಟಿದ್ದೀಯಾ ಎಂದು ಕೇಳುತ್ತಾಳೆ.

ಕಷ್ಟ ಏನೆಂದರೆ ನ್ಯೂಟ್ರಾನ್ ಒಂಟಿಯಾಗಿ ಬಾಳುವುದಿಲ್ಲ. ಹೊರಗೆ ತಂದರೆ ಕಾಲು ಗಂಟೆಯಲ್ಲಿ ಅದರ ಕತೆ ಮುಗಿಯುತ್ತದೆ. ಅದಕ್ಕೇ ಪ್ರೋಟಾನಿಗೆ ಅಂಟಿಕೊಂಡ ನ್ಯೂಟ್ರಾನ್ ಇರುವ ಭಾರ ಹೈಡ್ರೋಜನ್ನಿನ ಮೇಲೆ ಎಲೆಕ್ಟ್ರಾನುಗಳನ್ನು ಹಾಯಿಸುತ್ತಾರೆ. ಅವು ಚದುರುವ ರೀತಿ ನೋಡಿ, ಪ್ರೋಟಾನಿನ ಪಾಲು ಕಳೆಯುತ್ತಾರೆ. ಉಳಿದದ್ದು ನ್ಯೂಟ್ರಾನಿನದು. ಪ್ರಯೋಗ ನಡೆಯುವುದು ಪರದೇಶದಲ್ಲಿ. ಕಳೆಯುವ ಲೆಕ್ಕ ಸರಿಯಿದೆಯೇ ಎಂದು ಇಲ್ಲಿ ಕೂತು ನೋಡುವುದು ನಾನು. ಈ ಕೆಲಸ ನನಗೆ ಕಲಿಸಿದ್ದು ಒಂದೇ ಅನುಮಾನ: ಜೋಡಿಯಲ್ಲಿರುವ ಪ್ರೋಟಾನ್ ಒಂಟಿ ಪ್ರೋಟಾನಿನಂತೆಯೇ ಇರುತ್ತದೆಂದು ನಂಬಬಾರದು.

ಒಮ್ಮೆ ತಂಗಿ ನ್ಯಾಮತಿಯಿಂದ ಬಾಣಂತನಕ್ಕೆ ಬಂದಿದ್ದಳು. ಮಗು ದಿನ ತುಂಬುವ ಮೊದಲೇ ಹುಟ್ಟಿತ್ತು. ತೂಕ ಏರದಿದ್ದರೆ ತಡಮಾಡದೆ ಶಿವಮೊಗ್ಗಕ್ಕೆ ಕರೆತನ್ನಿ ಎಂದು ಡಾಕ್ಟರು ಹೇಳಿದ್ದರು. ಅಂಗನವಾಡಿಯ ಸಣ್ಣ ತಕ್ಕಡಿಯಲ್ಲಿ ಮಲಗಿಸಿದರೆ ಕೈಕಾಲು ಬಡಿದು ರಂಪ ಮಾಡುತ್ತಿತ್ತು. ಹಾಗಾಗಿ ತಂಗಿ ಮಗುವನ್ನೆತ್ತಿಕೊಂಡು ದೊಡ್ಡವರ ತಕ್ಕಡಿಯ ಮೇಲೆ ನಿಲ್ಲುವಳು. ಆಮೇಲೆ ಮಗುವನ್ನು ಅಮ್ಮನಿಗೆ ಕೊಟ್ಟು ತಾನೊಬ್ಬಳೇ ನಿಲ್ಲುವಳು. ವ್ಯತ್ಯಾಸವೇ ಮಗುವಿನ ತೂಕ.

ಒಂದು ಸಲ ನಾನೂ ಹೋದೆ. ತೂಕ ಚೆನ್ನಾಗಿ ಏರಿತ್ತು. ಅಂಗನವಾಡಿ ಟೀಚರು ಹಿಗ್ಗಿದರು. ನಾನು ಮಾತ್ರ ಅಮ್ಮನ ಕೈ ನೋಡುತ್ತಿದ್ದೆ. ಮಗುವಿನ ಜೊತೆ ಅಲ್ಲೊಂದು ಅಡಕತ್ತರಿ ಇತ್ತು.

ಬಾಣಂತಿ ಹೊಸ್ತಿಲು ದಾಟಿದರೆ ಗಾಳಿ ಸೋಕದಂತೆ ಕಬ್ಬಿಣ ಇಟ್ಟುಕೊಳ್ಳಬೇಕು. ಅದು ಮಗುವನ್ನು ಬಿಟ್ಟಿರಬಾರದು. ಅದುವರೆಗೆ ತಂಗಿಯ ಸೊಂಟದಲ್ಲಿ ಸಣ್ಣದೊಂದು ಬೀಗದ ಕೈ ಇರುತ್ತಿತ್ತು. ಮಗು ನಿದ್ದೆಯಲ್ಲಿ ಬೆಚ್ಚುತ್ತದೆಂದು ಅಮ್ಮ ಈ ಸಲ ಅಜ್ಜಿಯ ಕಾಲದ ಅಡಕತ್ತರಿಯನ್ನೇ ಸಿಕ್ಕಿಸಿದ್ದಳು. ಮಗುವನ್ನು ಕೊಡುವಾಗ ತಂಗಿ ಅದನ್ನೂ ಕೊಟ್ಟಿದ್ದಳು.

ಏರಿದ್ದರಲ್ಲಿ ಅದರ ಭಾರವೂ ಸೇರಿತ್ತು. ಹೇಳದಿದ್ದರೆ ಮಗು ಕೈಬಿಟ್ಟು ಹೋಗುವ ಭಯ. ಅಡಕತ್ತರಿಯನ್ನು ನಾನು ಇಸಿದುಕೊಂಡು, ಮತ್ತೊಮ್ಮೆ ತೂಗಿ ಎಂದೆ. ತೂಕ ಹೋದ ಸಲದಷ್ಟೇ ಇತ್ತು.

"ಹಂಗಾದ್ರೆ ಬೆಳೆದಿದ್ದು ಇದಾ, ಅಕ್ಕ?" ಎಂದು ತಂಗಿ ನನ್ನ ಕೈಲಿದ್ದದ್ದನ್ನು ತೋರಿಸಿದಳು. ಅವಳ ಮುಖ ನೋಡಲಾಗಲಿಲ್ಲ.

ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನನ್ನ ನಾಲಿಗೆ ಚುರುಕೇ, ಆದರೆ ಅವಳನ್ನು ಬೈಯಲು ಮನಸ್ಸು ಬರಲಿಲ್ಲ. ಕಾಣದ್ದಕ್ಕೆ ಹೆದರಿ ತನಗೆ ಗೊತ್ತಿದ್ದದ್ದು ಮಾಡಿದ್ದಳು, ಪಾಪ. ಅದೇ ಮಧ್ಯಾಹ್ನ ಶಿವಮೊಗ್ಗದ ಬಸ್ಸು ಹತ್ತುವಾಗ, ಕಬ್ಬಿಣ ಬಿಟ್ಟು ಬರಾಕಾಗಲ್ಲ ಎಂದು ಗೋಗರೆದಳು.

"ಬಿಡಬ್ಯಾಡ. ನಾನು ಹಿಡ್ಕೊಂತೀನಿ. ತೂಕದಾಗೆ ಸೇರಬಾರದು ಅಷ್ಟೆ," ಎಂದೆ.

ಆಸ್ಪತ್ರೆಯಲ್ಲಿ ಮಗುವನ್ನು ಸೇರಿಸಿಕೊಂಡರು. ತೂಗುವಾಗಲೆಲ್ಲ ನಾನು ಅಡಕತ್ತರಿ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದೆ. ನರ್ಸುಗಳು ನನ್ನಿಂದ ಒಂದು ಮಾರು ದೂರವೇ ಇರುತ್ತಿದ್ದರು. ಬಹಳ ದಿನ ಅಂಕಿ ಅಲ್ಲಾಡಲಿಲ್ಲ. ಒಂದು ಬೆಳಿಗ್ಗೆ ಒಂದು ಹಿಡಿ ಅಡಿಕೆಯಷ್ಟು ಏರಿತು.

ತಂಗಿ ಮೊದಲು ನೋಡಿದ್ದು ನನ್ನ ಕೈಯನ್ನು. ಅಡಕತ್ತರಿ ಅಲ್ಲೇ ಇತ್ತು. ಆಮೇಲೆ ಅತ್ತಳು.