ರಾಜ್ಯ ಬದಲಾದ ವರ್ಷದ ಸಂಕ್ರಾಂತಿ

ಭಾಷಾವಾರು ಪ್ರಾಂತಗಳಾದ ವರ್ಷ ನಾವು ನಾಗಪುರದ ಮಹಾಲ್ ಪೇಟೆಯಲ್ಲಿ, ನಾಲ್ಕಾರು ಸಂಸಾರಗಳಿದ್ದ ಒಂದು ಹಳೆಯ ವಾಡೆಯ ಮಹಡಿಯ ಮೇಲಿದ್ದೆವು. ನನ್ನ ಯಜಮಾನರು ರೈಲ್ವೆ ಗುಮಾಸ್ತರು, ಧಾರವಾಡದ ಕಡೆಯಿಂದ ವರ್ಗವಾಗಿ ಬಂದವರು. ಕೆಳಗೆ, ಅಂಗಳದ ಆಚೆಬದಿಯಲ್ಲಿ, ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದವನೊಬ್ಬನ ಸಂಸಾರ: ಅವನು, ಅವನ ತಾಯಿ, ಹೆಂಡತಿ, ಆಗಷ್ಟೇ ಹೆಜ್ಜೆಯಿಡಲು ಕಲಿತ ಮಗಳು. ಆ ಹೆಂಡತಿಯನ್ನು ವಾಡೆಯವರೆಲ್ಲ ವಹಿನಿ ಅನ್ನುತ್ತಿದ್ದರು, ಅಂದರೆ ಅತ್ತಿಗೆ. ನಾನೂ ಹಾಗೇ ಅಂದೆ. ಅವಳು ನನ್ನನ್ನು ಅಕ್ಕಾ ಅನ್ನುತ್ತಿದ್ದಳು. ಯಾರು ದೊಡ್ಡವರೆಂದು ಇಬ್ಬರೂ ಕೇಳಿಕೊಳ್ಳಲಿಲ್ಲ.

ವಹಿನಿಗೆ ಕ್ಷಯ. ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ ಸೂಜಿಮದ್ದು ಸಿಗುತ್ತಿತ್ತು, ಮಳೆಗಾಲದಲ್ಲಿ ಶುರುವಾಗಿತ್ತು. ಕೆಮ್ಮು ಕಡಿಮೆಯಾಗಿ ಕೆನ್ನೆ ತುಂಬುತ್ತಿತ್ತು. ಮಗುವನ್ನು ಮಾತ್ರ ಹತ್ತಿರ ಸೇರಿಸುವಂತಿರಲಿಲ್ಲ. ತಾಯಿ ಹೊಸ್ತಿಲ ಒಳಗೆ, ಮಗು ಅಜ್ಜಿಯ ಜೊತೆ ಅಂಗಳದಲ್ಲಿ. ಹೊಸ್ತಿಲಿಂದಲೇ ಹಾಡು, ಅಲ್ಲಿಂದಲೇ ಗದರಿಕೆ. ಮದ್ದು ತಪ್ಪಿಸದಿದ್ದರೆ ಸಂಕ್ರಾಂತಿಗೆ ಮಗಳನ್ನು ಎತ್ತಿಕೊಳ್ಳಬಹುದು ಎಂದು ದವಾಖಾನೆಯ ಡಾಕ್ಟರು ಹೇಳಿದ್ದರು.

ಸಂಕ್ರಾಂತಿಗೆ ಎಳೆಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತಲೆಯ ಮೇಲೆ ಬೋರೆಹಣ್ಣು, ಕಬ್ಬಿನ ಚೂರು, ಚುರುಮುರಿ ಎರೆಯುವುದು ನಮ್ಮಲ್ಲೂ ಉಂಟು, ಅವರಲ್ಲೂ ಉಂಟು. ಅವರಲ್ಲಿ ಮಗುವಿಗೆ ಅಂದು ಕಪ್ಪು ಬಟ್ಟೆ ಆಗಬೇಕು. ಹೊಲಿಯುವ ಕೆಲಸ ನನ್ನ ಪಾಲಿಗೆ ಬಂತು. ವಹಿನಿ ಹೊಸ್ತಿಲಲ್ಲಿ ನಿಂತು ಗಾಳಿಯಲ್ಲಿ ಕೈಯಿಟ್ಟು ಅಳತೆ ತೋರಿಸಿದಳು. ಅವಳು ಕಡೆಯ ಸಲ ಎತ್ತಿಕೊಂಡಾಗಿನ ಅಳತೆ ಅದು. ಮಗು ಅಷ್ಟರಲ್ಲಿ ಗೇಣುದ್ದ ಬೆಳೆದಿತ್ತು. ನಾನು ಏನೂ ಹೇಳದೆ ಮಗುವಿನ ಅಳತೆಗೇ ಕತ್ತರಿಸಿದೆ.

ನವೆಂಬರ್ ಬಂತು. ನಮ್ಮವರು ಪತ್ರಿಕೆ ಹಿಡಿದು ಮಹಡಿಯ ಮೆಟ್ಟಿಲು ಕುಣಿಯುತ್ತ ಹತ್ತಿದರು. “ಇನ್ನ ಧಾರವಾಡ, ಮೈಸೂರು ಎಲ್ಲಾ ಒಂದ! ಹೋಳಿಗಿ ಮಾಡು!” ಮಾಡಿದೆ. ನನಗೂ ಸಂತೋಷವೇ, ಸುಳ್ಳು ಯಾಕೆ ಹೇಳಲಿ? ಬಿಸಿಬಿಸಿ ನಾಲ್ಕು ಹೋಳಿಗೆ ಕೆಳಗೂ ಒಯ್ದೆ. ಅದೇ ದಿನ ನಾಗಪುರಕ್ಕೆ ಮಧ್ಯಪ್ರದೇಶದ ರಾಜಧಾನಿಯ ಪಟ್ಟ ತಪ್ಪಿತ್ತು. ಊರು ಮುಂಬೈ ರಾಜ್ಯಕ್ಕೆ ಸೇರಿ, ಇಲ್ಲಿನ ಕಚೇರಿಗಳು ಭೋಪಾಲದ ದಾರಿ ಹಿಡಿದಿದ್ದವು. ಓಣಿಯೆಲ್ಲ ಮಂಕಾಗಿ ಕೂತಿದ್ದಾಗ ನಾನು ತಟ್ಟೆ ಹಿಡಿದು ಹೊರಟಿದ್ದೆ, ಬುದ್ಧಿವಂತೆ! ವಹಿನಿ ನಕ್ಕಳು.

“ನಿಮಗೆ ರಾಜ್ಯ ಬಂತು, ನಮ್ಮ ರಾಜಧಾನಿ ಹೋಯಿತು. ಇರಲಿ ಬಿಡು ಅಕ್ಕಾ, ತುಪ್ಪ ತಂದಿದ್ದೀಯೋ ಇಲ್ಲವೋ?” ಎಂದು ಮರಾಠಿಯಲ್ಲಿ ಕೇಳಿದಳು.

ದೀಪಾವಳಿ ಮುಗಿದ ಸ್ವಲ್ಪ ದಿನಕ್ಕೆ ಅವಳು ದವಾಖಾನೆಯಿಂದ ಹಾಗೆಯೇ ವಾಪಸಾದಳು. ಮದ್ದು ಮುಗಿದಿತ್ತು. ಮರುದಿನ ನಾನೇ ಜೊತೆಗೆ ಹೋದೆ. ಡಾಕ್ಟರು ಒಳ್ಳೆಯವರು, ಬಯ್ಯಲೂ ಮನಸ್ಸು ಬಾರದಂಥವರು. ಹಳೆಯ ಸರ್ಕಾರ, ನೀವು ಈಗ ನಮ್ಮವರಲ್ಲ ಅನ್ನುತ್ತದೆ; ಹೊಸ ಸರ್ಕಾರ, ನಿಮ್ಮ ದವಾಖಾನೆಗೆ ಇನ್ನೂ ಹಣ ಮಂಜೂರಾಗಿಲ್ಲ ಅನ್ನುತ್ತದೆ ಎಂದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರಲ್ಲ, ಇಲ್ಲಿ ಜಗಳವೂ ಇರಲಿಲ್ಲ. ಬೆಂಚಿನ ಮೇಲೆ ಕೆಮ್ಮುತ್ತ ಕೂತವರೆಲ್ಲ ಒಬ್ಬೊಬ್ಬರಾಗಿ ಎದ್ದು ಮನೆಗೆ ಹೋದರು. ಮದ್ದು ಕೊಡುವುದು ಡಾಕ್ಟರೆಂದೇ ನಾನು ಅಲ್ಲಿಯವರೆಗೆ ತಿಳಿದಿದ್ದೆ.

ಪೇಟೆಯಲ್ಲಿ ಅದೇ ಮದ್ದು ದುಬಾರಿಗೆ ಸಿಗುತ್ತಿತ್ತು. ವಹಿನಿಯ ಗಂಡ ಸೈಕಲ್ ಮಾರಿ ಒಂದಷ್ಟು ತಂದ. ಅದೂ ಮುಗಿಯಿತು. ಇನ್ನು ಮಾರಲು ಅವನ ಹತ್ತಿರ ಏನೂ ಇರಲಿಲ್ಲ.

ಆ ಸಂಜೆ ನಮ್ಮವರ ಮೇಲೆ ಹರಿಹಾಯ್ದೆ. “ಅಲ್ರಿ, ನಿಮ್ಮ ರೈಲ್ವೆ ದವಾಖಾನ್ಯಾಗ ಆ ಮದ್ದು ಐತಿ. ಅಕೀನ್ನ ನನ್ನ ತಂಗಿ ಅಂತ ಕರ್ಕೊಂಡು ಹೋಗ್ಲೇನು?”

“ತಂಗಿಗೆ ಕೊಡೂದಿಲ್ಲ. ಹೇಣ್ತಿ, ಮಕ್ಕಳು, ಅಷ್ಟ.”

“ಹಂಗಾದ್ರ ಅಕೀನ್ನೂ ಮದುವಿ ಮಾಡ್ಕೊಂಬಿಡ್ರಿ!”

ಅವರಿಗೆ ನಗು ಬರಲಿಲ್ಲ. ಮರುದಿನ ಹೋಗಿ ಕೇಳಿದರು ಪಾಪ; ತಲೆ ತಗ್ಗಿಸಿಕೊಂಡು ಬಂದರು. ನನಗೆ ಸಣ್ಣ ಜ್ವರ ಬಂದರೂ ಆ ದವಾಖಾನೆ ಸೀಸೆ ತುಂಬ ಔಷಧ ಕೊಟ್ಟು ಕಳಿಸುತ್ತಿತ್ತು. ಅಂಗಳದ ಈಚೆ ರೈಲ್ವೆ, ಆಚೆ ಬಟ್ಟೆ ಅಂಗಡಿ. ಗಂಡನಿಗೆ ಸಂಬಳ ಕೊಡುವವರು ಯಾರು ಎನ್ನುವುದರ ಮೇಲೆ ಹೆಂಡತಿ ಬದುಕುವುದು ನಿಂತಿದೆಯಲ್ಲ ಎಂದು ನನಗೆ ಸಿಟ್ಟು ಬಂತು. ಆ ಸಿಟ್ಟು ಈಗಲೂ ಇದೆ.

ಚಳಿ ಹೆಚ್ಚಾದಂತೆ ಕೆಮ್ಮು ತಿರುಗಿ ಬಂತು. ಸಂಕ್ರಾಂತಿಯ ದಿನ ವಹಿನಿ ತಲೆ ಬಾಚಿ, ಕುಂಕುಮವಿಟ್ಟು, ಒಳ್ಳೆಯ ಸೀರೆಯುಟ್ಟು ಹೊಸ್ತಿಲ ಒಳಗೆ ಕೂತಳು. “ಅಕ್ಕಾ, ನೀನೇ ಕೂರಿಸಿಕೋ,” ಅಂದಳು. ನನಗಿನ್ನೂ ಮಕ್ಕಳಿರಲಿಲ್ಲ. ಕಪ್ಪು ಬಟ್ಟೆ ತೊಟ್ಟ ಮಗುವನ್ನು ಅಂಗಳದಲ್ಲಿ ತೊಡೆಯ ಮೇಲೆ ಕೂರಿಸಿಕೊಂಡೆ. ವಾಡೆಯ ಹೆಂಗಸರು ಆರತಿ ಬೆಳಗಿ ಬೋರೆಹಣ್ಣು ಎರೆದರು. ಅಂಗಿ ಸರಿಯಾಗಿ ಕೂತಿದ್ದನ್ನು ನೋಡಿ ವಹಿನಿ, “ನನ್ನ ಅಳತೆ ಬರೋಬರ್ ಆಯಿತು ನೋಡು,” ಎಂದಳು. ನಾನು ಹೂಂ ಅಂದೆ.

ಹಣ್ಣುಗಳು ಅಂಗಳದ ತುಂಬ ಉರುಳಿದವು. ಮಕ್ಕಳೆಲ್ಲ ಆಯಲು ಮುಗಿಬಿದ್ದರು. ನಮ್ಮ ಮಗುವೂ ತೊಡೆಯಿಂದ ಜಾರಿ, ಒಂದು ಹಣ್ಣಿನ ಹಿಂದೆ ತಪ್ಪುಹೆಜ್ಜೆ ಇಡುತ್ತ ಹೋಯಿತು. ಆ ಹಣ್ಣು ಉರುಳಿ ಹೊಸ್ತಿಲ ಹತ್ತಿರ ನಿಂತಿತ್ತು. ಮಗು ಅದನ್ನು ಎತ್ತಿ ತಾಯಿಯತ್ತ ಕೈ ಚಾಚಿತು. ವಹಿನಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಹಿಂದೆ ಸರಿದಳು. ಮಗು ಹೊಸ್ತಿಲಿಗೆ ಕಾಲಿಟ್ಟಿತು. ಅವಳು ಇನ್ನೂ ಹಿಂದೆ ಸರಿದು ಗೋಡೆಗೆ ಬೆನ್ನು ಹಚ್ಚಿ, “ಅಕ್ಕಾ, ಜಲ್ದಿ!” ಎಂದು ಕೂಗಿದಳು. ನಾನು ಓಡಿಹೋಗಿ ಎತ್ತಿಕೊಂಡೆ. ಮಗು ಹಣ್ಣನ್ನು ನನ್ನ ಬಾಯಿಗಿಟ್ಟಿತು.

ಹೋಳಿಹುಣ್ಣಿಮೆಯ ಹೊತ್ತಿಗೆ ಹಣ ಮಂಜೂರಾಗಿ ದವಾಖಾನೆಗೆ ಮದ್ದು ಬಂತು. ಮೊದಲಿನಿಂದ ಶುರುಮಾಡಿದರು. ಆದರೆ ಈ ಸಲ ಅದು ನಾಟಲಿಲ್ಲ. ನಡುವೆ ಬಿಟ್ಟುಹೋದರೆ ರೋಗ ಮದ್ದಿಗೆ ಬಗ್ಗುವುದಿಲ್ಲ ಎಂದು ಡಾಕ್ಟರು ನನಗೆ ಮೆಲ್ಲಗೆ ಹೇಳಿದರು.

ಮುಂದಿನ ಸಂಕ್ರಾಂತಿಗೂ ಮಗು ನನ್ನ ತೊಡೆಯ ಮೇಲೆಯೇ ಕೂತಿತು. ಅದೇ ಕಪ್ಪು ಅಂಗಿ, ಮಡಿಕೆ ಬಿಚ್ಚಿ ಉದ್ದ ಮಾಡಿದ್ದೆ. ಹಣ್ಣೊಂದು ಉರುಳಿ ಹೊಸ್ತಿಲು ದಾಟಿ ಒಳಗೆ ಹೋಯಿತು. ಮಗು ಓಡಿಹೋಗಿ ಆರಿಸಿಕೊಂಡು ಬಂತು, ತಡೆಯಲು ಒಳಗೆ ಯಾರೂ ಇರಲಿಲ್ಲ.